ಮಂಗಳವಾರ, ಏಳರಿಂದ ಹತ್ತು

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ
ಬಟ್ಟೆ ತೊಳೆಯುವ ಯಂತ್ರ ಎರಡು, ಒಣಗಿಸುವುದು ಒಂದು.
ಗೋಡೆಗೆ ಹಲಗೆ, ಹಲಗೆಯ ತುಂಬ ತೂತು,
ಮನೆಗೊಂದು ಬೆರಳುದ್ದದ ಬೀಗ.
ಬೇಕಾದ ದಿನ, ಬೇಕಾದ ಹೊತ್ತಿನ ತೂತಿಗೆ
ಬೀಗ ಚುಚ್ಚಿ ತಿರುಗಿಸಿದರೆ
ಆ ಮೂರು ಗಂಟೆ ನಿಮ್ಮದು.
ಮಾಲ್ಮೊ ಊರಲ್ಲಿ ನಮಗೆ ಸಿಕ್ಕ ಮೊದಲ ಆಸ್ತಿ ಅದೇ:
ಸೋಮವಾರ, ಸಂಜೆ ನಾಲ್ಕರಿಂದ ಏಳು.

ಮಂಗಳವಾರದ ಬೆಳಗು ಗುನ್ವೊರ್ ಅವರದು.
ಮೂವತ್ತೊಂದು ವರ್ಷದಿಂದ ಅವರದು.
ಬೀಗದ ಮೇಲಿನ ಅಂಕಿ ಸವೆದು
ಬರೀ ಹೊಳಪು ಉಳಿದಿತ್ತು.
ನಾವು ಬಿಟ್ಟುಹೋದ ನೂಲಿನ ಧೂಳು, ಚೆಲ್ಲಿದ ಸೋಪಿನ ಪುಡಿ,
ಎಲ್ಲಕ್ಕೂ ಅವರೇ ಸಾಕ್ಷಿ.
ಮಧ್ಯಾಹ್ನದ ಹೊತ್ತಿಗೆ ಯಂತ್ರದ ಮುಚ್ಚಳಕ್ಕೆ
ಚೀಟಿ ಅಂಟಿರುತ್ತಿತ್ತು.

"ಇದೇನು ಬರೆದಿದ್ದಾರೆ?" ಅಮ್ಮ ಕೇಳಿದಳು.
ನನಗೆ ಒಂಬತ್ತು. ಮನೆಗೆಲ್ಲ ನಾನೇ ನಾಲಿಗೆ,
ಆಸ್ಪತ್ರೆಗೆ, ಬ್ಯಾಂಕಿಗೆ, ಮೀಟರಿನವನಿಗೆ.
ಚೀಟಿಯಲ್ಲಿತ್ತು:
ಜಾಲರಿ ತೆಗೆದು ಜಾಡಿಸಲು ಬಾರದವರು
ಕೊಟ್ಟಿಗೆಗೆ ಹೋಗಿ ಬಾಳಲಿ.
ನಾನು ಓದಿದೆ:
"ಹೊಸಬರಿಗೆ ಸ್ವಾಗತ. ಗಾಳಿ ಜೋರಾಗಿದೆ,
ಕಿವಿ ಬೆಚ್ಚಗಿಟ್ಟುಕೊಳ್ಳಿ ಅಂತ, ಅಮ್ಮಾ."

ಯಾಕೆ ಹಾಗೆ ಓದಿದೆನೋ.
ಆ ದಿನ ಅಮ್ಮ ಬಸ್ಸಿನಲ್ಲೊಮ್ಮೆ, ಕಚೇರಿಯಲ್ಲೊಮ್ಮೆ
ತಲೆ ತಗ್ಗಿಸಿದ್ದಳು.
ಮೂರನೆಯದು ನನ್ನ ಬಾಯಿಂದ ಬೇಡವಾಗಿತ್ತು.

ಮುಂದಿನ ಸೋಮವಾರ ಅವಳು ಯಂತ್ರದ ಮೇಲೆ
ಆರು ಸಂಬುಸ ಇಟ್ಟು ಬಂದಳು,
ಬೆಳಗಿನೊಳಗೆ ಆರಿಹೋಗುತ್ತದೆಂದು ಗೊತ್ತಿದ್ದೂ
ಬಟ್ಟಲಿಗೆ ಟವೆಲ್ಲು ಸುತ್ತಿ.
ಬಟ್ಟಲು ತೊಳೆಸಿಕೊಂಡು ವಾಪಸು ಬಂತು, ಒಳಗೆ ಚೀಟಿ:
ತಿನ್ನುವ ಪದಾರ್ಥ ಇಲ್ಲಿ ಇಡಬಾರದು.
ಅದರ ಕೆಳಗೆ, ಇರುವೆಗಾತ್ರದಲ್ಲಿ: ಖಾರ ಹೆಚ್ಚು.
"ಬಹಳ ರುಚಿಯಾಗಿತ್ತಂತೆ" ಅಂದೆ.
ಮರುವಾರ ಅಮ್ಮ ಮೆಣಸು ಕಡಿಮೆ ಹಾಕಿದಳು.
ನಾನು ಗಮನಿಸಲಿಲ್ಲ.

ಜನವರಿಯಲ್ಲಿ ಎರಡು ಮಂಗಳವಾರ
ಗುನ್ವೊರ್ ಬೀಗ ತೂತಲ್ಲೇ ಇತ್ತು, ಯಂತ್ರ ತಣ್ಣಗೆ.
ಅರ್ಧ ಗಂಟೆ ಕಳೆದರೆ ಆ ಹೊತ್ತು
ಯಾರಿಗಾದರೂ ಸಲ್ಲುತ್ತದೆ, ಅದು ನಿಯಮ.
ಕೆಳಮನೆಯ ಮಿರ್ಸಾದ್, ಸದಾ ಅದಕ್ಕೇ ಹೊಂಚುವವನು,
ಬುಟ್ಟಿ ಹಿಡಿದು ಬಂದು, ಬೀಗ ನೋಡಿ,
ಬುಟ್ಟಿಯೊಡನೆಯೇ ಮೆಟ್ಟಿಲು ಹತ್ತಿದ.

ಅಮ್ಮ ಹೋಗಿ ಬಾಗಿಲು ತಟ್ಟಿದಳು.
ಹಿಮಕ್ಕೆ ಜಾರಿ ಮುರಿದ ಮಣಿಕಟ್ಟು, ಮೊಣಕೈವರೆಗೆ ಪ್ಲಾಸ್ಟರು.
ಎರಡು ವಾರದ ಬಟ್ಟೆಯನ್ನು ಗುನ್ವೊರ್
ಕಾಲಿನಿಂದ ಬಾಗಿಲ ಹಿಂದಕ್ಕೆ ತಳ್ಳಲು ನೋಡಿದರು.
ಅಮ್ಮ ಬಗ್ಗಿ ಬುಟ್ಟಿ ಎತ್ತಿಕೊಂಡಳು.
ನನ್ನನ್ನು ಏನೂ ಕೇಳಲಿಲ್ಲ.

ಬೆಡ್‌ಶೀಟು ಮಡಿಸಲು ಇಬ್ಬರು ಬೇಕು.
ಒಂದು ಮೂಲೆ ಗುನ್ವೊರ್ ಕೈಯಲ್ಲಿ, ಇನ್ನೊಂದು ಗದ್ದದಡಿ.
ಎದುರು ತುದಿ ಅಮ್ಮನದು.
ದೂರ ನಿಂತು ಜಗ್ಗಿ, ಹತ್ತಿರ ಬಂದು ಕೂಡಿಸಿ,
ಮತ್ತೆ ದೂರ.
ಅಮ್ಮ ಎರಡಾಗಿ ಮಡಿಸುವವಳು, ಅವರು ಮೂರಾಗಿ.
ಮೊದಲನೆಯದು ಮುದ್ದೆಯಾಯಿತು.
"ನೆಯ್" ಅಂದರು ಅವರು.
"ಮಾಯಾ" ಅಂದಳು ಅಮ್ಮ, ಅದು ನಮ್ಮ ಭಾಷೆಯ 'ಅಲ್ಲ'.
ಅಲ್ಲ, ಅಲ್ಲ ಅನ್ನುತ್ತಲೇ ಏಳು ಶೀಟು ಮುಗಿಸಿದರು.
ನಾನು ಸೋಪಿನ ಡಬ್ಬದ ಮೇಲೆ ಕೂತಿದ್ದೆ,
ಆ ಊರಲ್ಲಿ ಮೊದಲ ಸಲ
ಕೆಲಸವಿಲ್ಲದೆ.

ಈಗ ನನಗೆ ಇಪ್ಪತ್ತಾರು. ಚೀಟಿ ನಿಂತಿಲ್ಲ,
ಅಕ್ಷರ ಮಾತ್ರ ನಡುಗುತ್ತದೆ.
ಮೊನ್ನೆ ಒಂದನ್ನು ಇದ್ದದ್ದು ಇದ್ದಹಾಗೆ ಓದಿ
ಹಳೆಯ ಸುಳ್ಳನ್ನೂ ಒಪ್ಪಿಕೊಂಡೆ.
ಅಮ್ಮ ಕಾಲುಚೀಲಕ್ಕೆ ಜೋಡಿ ಹುಡುಕುತ್ತಲೇ ಅಂದಳು:
"ಮೊದಲ ವಾರವೇ ಗೊತ್ತಾಗಿತ್ತು.
ಕೊಟ್ಟಿಗೆ ಅಂದರೇನೆಂದು ಮಿರ್ಸಾದ್
ಹಸುವಿನ ಹಾಗೆ ಕೂಗಿ ತೋರಿಸಿದ್ದ.
ಕಾಗದ ಹರಿಯುವಷ್ಟು ಒತ್ತಿ ಬರೆದದ್ದು
ಸ್ವಾಗತ ಹೇಗಾದೀತು, ಹುಚ್ಚಿ?
ನೀನು ಅಷ್ಟು ಚೆಂದ ಓದುತ್ತಿದ್ದೆ,
ನಾನು ಅದಕ್ಕೇ ಉತ್ತರ ಕೊಡುತ್ತಾ ಬಂದೆ."

ಒಂದು ಕಾಲುಚೀಲ ಉಳಿಯಿತು.
ಬೂದು ಉಣ್ಣೆ, ಹಿಮ್ಮಡಿಯಲ್ಲಿ ತೇಪೆ. ನಮ್ಮದಲ್ಲ.
ಅಮ್ಮ ಅದನ್ನು ಹಲಗೆಯ ಹತ್ತಿರ,
ಮಂಗಳವಾರದ ಬೀಗಕ್ಕೆ ಸಿಕ್ಕಿಸಿದಳು.